ಜಾಲರಿಯ ನಾಲ್ಕು ಬೋಲ್ಟು

ಫೋಟೊದ ಒಂದು ಮೂಲೆ ಫ್ಯಾನಿನ ಗಾಳಿಗೆ ಏಳುತ್ತದೆ, ಮತ್ತೆ ಮಲಗುತ್ತದೆ, ಅವ್ವನ ಪರಿಹಾರ ತೀರ್ಮಾನಿಸುವ ಸಾಹೇಬರು ಗಾಜಿನ ಗುಂಡು ಇಟ್ಟಿದ್ದಾರೆ, ಆದರೆ ಆಚೆ ಮೂಲೆಗೆ, ಇನ್ನೂ ನೋಡಿಲ್ಲ ಅವರು, ಬೇರೆ ಯಾವುದೋ ಕಾಗದ ಓದುತ್ತಿದ್ದಾರೆ, ಗೋಡೆಗೆ ಹಚ್ಚಿದ ಈ ಬಾಕಿನ ಮೇಲೆ ಕೂತ ನನಗೆ ಫೋಟೊದ ಹೊಳಪು ಮಾತ್ರ ಕಾಣುತ್ತದೆ, ಕಾಣದಿದ್ದರೂ ಅಡ್ಡಿಯಿಲ್ಲ, ನಾನೇ ತೊಳೆದ ಫೋಟೊ, ನಾನೇ ಒಣಗಿಸಿದ್ದು, ಅದರಲ್ಲಿ ಎಲ್ಲೆಲ್ಲಿ ಏನೇನಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು — ಎಡಕ್ಕೆ ದೊಡ್ಡ ಗಾಲಿ, ಅದರಿಂದ ಇಳಿದ ತೊಗಲಿನ ಪಟ್ಟಾ, ನಡುವೆ ಒಂದಕ್ಕೊಂದು ಕಚ್ಚಿಕೊಂಡ ಹಲ್ಲಿನ ಗಾಲಿಗಳು, ಅವುಗಳ ಮುಂದೆ ತಂತಿಯ ಜಾಲರಿ, ಜಾಲರಿಯ ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. ನೋಡಿ ಸಾಹೇಬರೇ, ಆ ಕಾಗದ ಬಿಟ್ಟು ಇದನ್ನು ನೋಡಿ. ಪಕ್ಕದಲ್ಲಿ ಅವ್ವ ಬಲಗೈ ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಾಳೆ, ಮಂದಿಯ ನಡುವೆ ಯಾವಾಗಲೂ ಹಾಗೇ, ಮೂರು ಬೆರಳು ಹೋದ ಕೈ, ತಪ್ಪು ಮಾಡಿದವರ ಕೈಯ ಹಾಗೆ ಅಡಗಿಸುತ್ತಾಳೆ, ತಪ್ಪು ಆಕೆಯದೇ ಎಂದು ಹತ್ತಿ ಬಿಡಿಸುವ ಜಿನ್ನಿನವರು ಬರೆದುಕೊಟ್ಟೂ ಇದ್ದಾರೆ, ಯಂತ್ರಕ್ಕೆ ಜಾಲರಿ ಇತ್ತು, ಕೂಲಿ ಹೆಂಗಸು ಮರೆವ್ವ ತಾನೇ ಬಿಚ್ಚಿದಳು, ಅರಳೆ ಸಿಕ್ಕಿಕೊಂಡದ್ದನ್ನು ಕೀಳಲು ಕೈ ಹಾಕಿದಳು. ಇರಲಿಲ್ಲ. ಜಾಲರಿಯೇ ಇರಲಿಲ್ಲ, ಎಪ್ಪತ್ತೆಂಟರ ಬೇಸಿಗೆ ಅದು, ನಾನು ಅವ್ವನ ಎರಡು ಮಾರು ಆಚೆ ಅರಳೆ ಒಟ್ಟುತ್ತಿದ್ದೆ, ನಾಲ್ಕನೇತ್ತಾಕ್ಕೆ ಸಾಲಿ ಬಿಟ್ಟು ಆಕೆಯ ಬೆನ್ನು ಹತ್ತಿ ಬಂದವಳು, ಮೂಗು ಬಾಯಿಗೆ ಅರಿವಿ ಕಟ್ಟಿಕೊಂಡು, ಹತ್ತಿಯ ಧೂಳು ನೊಣದ ಹಾಗೆ ಹಾರುತ್ತಿತ್ತು, ಅವ್ವನ ಸೆರಗಿನ ತುದಿ ಆ ಹಲ್ಲಿಗೆ ಸಿಕ್ಕಿತು, ಬಿಡಿಸಲು ಕೈ ಹೋಯಿತು, ಗಾಲಿ ನಿಲ್ಲುವಷ್ಟರಲ್ಲಿ ಬಿಳಿ ಅರಳೆಯೆಲ್ಲ — ಆಮೇಲೆ ಹತ್ತು ದಿನಕ್ಕೆ ಪ್ಯಾಂಟಿನವರೊಬ್ಬರು ವಿಚಾರಣೆಗೆ ಬಂದರು, ನನ್ನ ಹತ್ತಿರವೇ ಬಂದು ಕೇಳಿದರು, ಜಾಲರಿ ಇತ್ತೇನವಾ, ಹೆದರಬ್ಯಾಡ ಹೇಳು, ಮ್ಯಾನೇಜರ್ ಅಂದಪ್ಪ ಅವರ ಹಿಂದೆಯೇ ನಿಂತು ಮೀಸೆ ತೀಡುತ್ತಿದ್ದ, ನನ್ನ ಕಣ್ಣು ನೆಲಕ್ಕಿಳಿಯಿತು, ಅವರ ಬೂಟಿನ ಮೇಲೆ ಒಂದು ಎಳೆ ಹತ್ತಿ ಇತ್ತು, ಅದನ್ನೇ ನೋಡಿದೆ, ನೋಡುತ್ತ ನಿಂತೆ, ಅವರು ಬರೆದುಕೊಂಡರು, ಏನು ಬರೆದರೋ, ಇದ್ದವಳಿಗೆ ಗೊತ್ತಿಲ್ಲ ಎಂದೇ ಬರೆದಿರಬೇಕು, ಅವ್ವ ದವಾಖಾನೆಯಿಂದ ಬಂದ ಮೇಲೆ ಕೇಳಿದ್ದು ಇಷ್ಟೇ, ನೀ ಅಲ್ಲೇ ಇದ್ದೆಲ್ಲ ಚಂದಿ, ಹೇಳಲಿಲ್ಲಾ? ಒಂದೇ ಸಲ ಕೇಳಿದಳು. ಎರಡನೇ ಸಲ ಕೇಳಿ ಬೈದಿದ್ದರೆ ಚಲೋ ಇತ್ತು.

ಸಾಹೇಬರು ಹಾಳೆ ತಿರುವಿದರು, ಫೋಟೊ ಮತ್ತೆ ಎದ್ದಿತು, ಮಲಗಿತು, ಅಂದಪ್ಪ ಎದುರಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಾನೆ, ಈಗ ಗುರುತು ಸಿಕ್ಕಿರಬೇಕು, ಮೊನ್ನೆ ಫೋಟೊ ತೆಗೆಯಲು ಹೋದಾಗ ಜಿನ್ನಿನಲ್ಲಿ ಸಿಕ್ಕಿರಲಿಲ್ಲ, ಅರಿವಿ ಕಟ್ಟಿಕೊಂಡ ನೂರು ಮುಖಗಳಲ್ಲಿ ಒಂದು ಮುಖ, ಬಿಚ್ಚಿದ ಮೇಲೆ ಯಾರದೆಂದು ಅವನಿಗೆ ಹೇಗೆ ತಿಳಿಯಬೇಕು. ಸಾಕ್ಷಿಗೆ ಯಂತ್ರದ ಫೋಟೊ ಬೇಕೆಂದು ಜಿನ್ನಿನವರು ಕರೆಸಿದಾಗ ಮುರ್ತುಜಸಾಬರು ಹೇಳಿದ್ದರು, ಇಳಕಲ್ಲಿನಲ್ಲಿ ನಾನು ಕೆಲಸಕ್ಕಿರುವ ಸ್ಟುಡಿಯೊದ ಮಾಲಕರು, ನೀ ಬರಬ್ಯಾಡವಾ ಚಂದವ್ವಾ, ಅದ ಜಿನ್ನು, ಅದ ಮಷೀನು, ಬ್ಯಾರೆ ಯಾರನ್ನರ ಕರಕೊಂಡು ಹೋಗ್ತೇನಿ, ನಾನು ಬರ್ತೇನ್ರಿ ಕಾಕಾ ಎಂದೆ, ಯಾಕೆ ಎಂದೆನೋ, ಎಡಗೈಲಿ ನೇಕಾರರ ಕಂಡಿಕೆಗೆ ನೂಲು ಸುತ್ತಲು ಹೆಣಗುವ ಅವ್ವನಿಗೆ ಮಾತ್ರ ಎಲ್ಲಿಗೆ ಹೊರಟೆ ಎಂದು ಹೇಳಲಿಲ್ಲ. ಎರಡು ವರ್ಷ ಬೀಗ ಬಿದ್ದ ಜಿನ್ನು, ಒಳಗೆ ಹೋದರೆ ತಗಡು ಹರಿದು ಮಳೆ ಸುರಿದು ಯಂತ್ರಗಳೆಲ್ಲ ತುಕ್ಕು ಹಿಡಿದು ಕಾವಿ ಬಳಿದ ಹಾಗೆ ಕೆಂಪು, ಮುಟ್ಟಿದರೆ ಹಪ್ಪಳದ ಹಾಗೆ ಪದರು ಪದರು ಉದುರುವ ಕೆಂಪು, ಪಟ್ಟಾ ಸೀಳಿ ನೇತಾಡುತ್ತಿತ್ತು, ಆ ಯಂತ್ರ ಮಾತ್ರ ಎಲ್ಲಿತ್ತೋ ಅಲ್ಲೇ, ಮತ್ತು ಅದಕ್ಕೊಂದು ಜಾಲರಿ. ನೋಡಿದ ಕೂಡಲೇ ಗೊತ್ತಾಯಿತು, ಗೋದಾಮಿನ ಕಿಟಕಿಯ ಜಾಲರಿ, ಒಂದು ಕಡೆ ತಂತಿ ಹರಿದು ಸುತಳಿಯಿಂದ ಹೊಲಿದದ್ದು, ಅರಳೆಯಲ್ಲಿ ಗುಬ್ಬಿ ಗೂಡು ಕಟ್ಟಬಾರದೆಂದು ಹಾಕಿಸಿದ್ದು, ಗುಬ್ಬಿಗೆ ಇದ್ದ ಜಾಲರಿ ಅವ್ವನ ಕೈಗೆ ಇರಲಿಲ್ಲ, ಈಗ ಕೈ ಹೋಗಿ ಮೂರು ವರ್ಷಕ್ಕೆ ಬಂದಿದೆ. ಜಾಲರಿ ಹಳೆಯದು, ಯಂತ್ರದಷ್ಟೇ ಕೆಂಪು, ಚಂದ ಹೊಂದಿತ್ತು, ಬೋಲ್ಟು ಮಾತ್ರ ಹೊಸವು, ಕಟ್ಟಿ ತಂದ ಕಾಗದದ ಪೊಟ್ಟಣ ಇನ್ನೂ ಅಲ್ಲೇ ನೆಲದ ಮೇಲೆ ಬಿದ್ದಿತ್ತು. ಏನ್ ಮುರ್ತುಜಸಾಬ, ಲಗ್ನದ ಫೋಟೊ ತಗದಂಗ ತಗೀಬೇಕು ನೋಡು, ಅಂದಪ್ಪ ಅಂದ, ಹಂಗಾರ ಮದಮಗಳಿಗೆ ಸ್ವಲ್ಪ ಪೌಡರರ ಹಚ್ಚಬೇಕಿತ್ತಲ್ರೀ ಧಣಿ, ಮೈಯೆಲ್ಲಾ ಜಂಗು ತಿಂದೈತಿ ಎಂದರು ಕಾಕಾ, ಅಂದಪ್ಪ ಹೊಟ್ಟೆ ಕುಣಿಸಿ ನಕ್ಕ, ಕಾಕಾ ನಗಲಿಲ್ಲ, ಕ್ಯಾಮರಾದ ಕರಿ ಬಟ್ಟೆಯೊಳಗೆ ತಲೆ ಹಾಕಿದರು. ಈ ಹುಡುಗಿ ಯಾಕ ಮಾತಾಡೂದಿಲ್ಲ, ಮೂಕಿ ಏನು? ಕೆಲಸಕ್ಕ ಬಂದಾಳ್ರಿ, ಮಾತಿಗಲ್ಲ, ಬಟ್ಟೆಯೊಳಗಿಂದಲೇ ಕಾಕಾ ಅಂದರು. ನನ್ನ ಕೈಯಲ್ಲಿ ಬಿಳಿ ಧೋತರ, ಬಾಗಿಲಿನ ಬಿಸಿಲು ಅದಕ್ಕೆ ಬಿದ್ದು ಯಂತ್ರದ ಮೈಮೇಲೆ ಹೋಗಬೇಕು, ಅದೇ ನನ್ನ ಕೆಲಸ, ಸ್ವಲ್ಪ ಮ್ಯಾಗವಾ, ಸ್ವಲ್ಪ ಬಲಕ್ಕ, ಸಾಕು, ಅಲ್ಲೇ ಹಿಡಿ ಅಂದರು, ನಾನು ಅಲ್ಲೇ ಹಿಡಿಯಲಿಲ್ಲ, ಇನ್ನೊಂದಿಷ್ಟು ವಾಲಿಸಿದೆ, ಒಂದು ಗೇಣೂ ಅಲ್ಲ, ನಾಲ್ಕು ಬೋಲ್ಟು ಒಮ್ಮೆಲೇ ಹೊತ್ತಿಕೊಂಡವು, ಉಸಿರು ಹಿಡಿದು ನಿಂತೆ, ಕಾಕಾ ಮುಚ್ಚಳ ತೆಗೆದು ಎಣಿಸುವವರೆಗೂ ಬೆಳಕು ಅಲ್ಲೇ ನಿಂತಿತ್ತು. ಬಾಯಿಂದ ಆಗದ್ದು ಧೋತರದಿಂದ ಆಯಿತು ಎಂದುಕೊಂಡೆ. ಎಂಥ ಹುಚ್ಚಿ. ನೆಗೆಟಿವ್ ತೊಳೆದಾಗ ನಾಲ್ಕು ಕರಿ ಚುಕ್ಕಿ, ಸಾಸಿವೆಯಷ್ಟು, ಕಾಕಾ ಕಿಟಕಿಗೆ ಹಿಡಿದು ನೋಡಿ, ಆ ಚುಕ್ಕಿ ಬ್ಲೇಡಿನಿಂದ ಕೆರದಬಿಡವಾ, ಕಣ್ಣಿಗೆ ಚುಚ್ಚತಾವು ಅಂದರು, ಹೂಂ ಎಂದೆ, ಮದುಮಕ್ಕಳ ಮೂಗಿನ ಹೊಳಪು ಎಷ್ಟು ಕೆರೆದಿಲ್ಲ, ಮುದುಕರ ಸುಕ್ಕಿನ ಮೇಲೆ ಎಷ್ಟು ಪೆನ್ಸಿಲು ಆಡಿಸಿಲ್ಲ, ಇದನ್ನು ಕೆರೆಯಲಿಲ್ಲ, ಫೋಟೊ ಮೂಡಿದಾಗ ಕಾಕಾ ಬಹಳ ಹೊತ್ತು ನೋಡಿದರು, ನನ್ನನ್ನೂ ನೋಡಿದರು, ಮತ್ತೆ ಲಕೋಟೆಗೆ ಹಾಕಿದರು. ಹಾಕುವಾಗ ಒಂದು ಮಾತು ಅಂದಿದ್ದರು, ಅದು ಈಗ ನೆನಪಾಗುತ್ತಿದೆ, ಯಾಕೆ ಈಗ, ಕಪ್ಪು ಬಿಳುಪಿನಾಗ ಜಂಗು ಬರೂದಿಲ್ಲ ನೋಡವಾ ಚಂದವ್ವಾ, ಕೆಂಪು ಎಲ್ಲಾ ಬೂದಿ ಆಗಿಬಿಡ್ತೈತಿ, ಮಷೀನು ನಿನ್ನೆ ತಂದಂಗ ಕಾಣತೈತಿ.

ಎತ್ತಿಕೊಂಡರು. ಸಾಹೇಬರು ಫೋಟೊ ಎತ್ತಿಕೊಂಡರು, ಚಸ್ಮಾ ಹಣೆಗೇರಿಸಿ ಹತ್ತಿರ ಹಿಡಿದರು, ಬೆರಳು ಜಾಲರಿಯ ಮೇಲೆ ಬಂತು, ಒಂದು ಬೋಲ್ಟಿನ ಮೇಲೆ, ಎರಡನೆಯದರ ಮೇಲೆ, ಕಂಡಿತು, ಅವರಿಗೆ ಕಂಡಿತು, ಇನ್ನು ನಾನು ಏನೂ ಹೇಳಬೇಕಾಗಿಲ್ಲ — ಯಂತ್ರ ಹಳೇದಾದ್ರೂ ಅಚ್ಚುಕಟ್ಟಾಗಿ ಇಟ್ಟಿದ್ದೀರಲ್ಲ ಅಂದಪ್ಪನವರೇ, ಬೋಲ್ಟು ನೋಡಿ, ಎಣ್ಣೆ ಹಾಕಿ ಒರೆಸಿದ ಹಾಗೆ ಹೊಳೀತಿವೆ, ಎಲ್ಲೂ ತುಕ್ಕಿನ ಗುರುತಿಲ್ಲ. ಮನಿದೇವ್ರನ್ನ ನೋಡ್ಕೊಂಡಂಗ ನೋಡ್ಕೊಂಡೇವ್ರಿ ಸಾಹೇಬ್ರ. ಇಷ್ಟು ನಿಗಾ ಇಡೋ ಕಡೆ ಜಾಲರಿ ಇರಲಿಲ್ಲ ಅನ್ನೋದು ನಂಬೋ ಮಾತಲ್ಲ, ಏನಮ್ಮ, ನಿಮ್ಮ ಕಡೆಯಿಂದ ಹೇಳೋದು ಏನಾದ್ರೂ ಇದೆಯಾ? ಸಾಹೇಬರ ಕನ್ನಡ ಬೇರೆ ಕಡೆಯದು, ಅವ್ವನಿಗೆ ಅರ್ಧ ಹತ್ತಿತು, ಅರ್ಧ ಹತ್ತಲಿಲ್ಲ, ನಂಗ ಫೋಟೊದಾಗಿಂದು ಏನ ತಿಳೀತೈತ್ರಿ ಎಪ್ಪಾ, ನನ್ನ ಮಗಳು ಹೇಳ್ತಾಳ್ರಿ, ಆಕಿ ಅಲ್ಲೇ ಇದ್ಲು, ಹೇಳ ಚಂದಿ. ಇಬ್ಬರೂ ಎದ್ದು ಮೇಜಿನ ಹತ್ತಿರ ಬಂದೆವು, ಸೆರಗಿನೊಳಗಿಂದ ಕೈ ಬಂದು ನನ್ನ ಬೆನ್ನಿಗೆ ಹತ್ತಿತು, ಹೆಬ್ಬೆರಳು, ಕಿರುಬೆರಳು, ನಡುವೆ ಏನೂ ಇಲ್ಲ. ಹೇಳುತ್ತೇನೆ, ಆ ಹೊಳಪು ಎಣ್ಣೆಯದಲ್ಲರಿ, ಅಂಗಡಿಯಿಂದ ತಂದದ್ದು, ಪೊಟ್ಟಣ ಅಲ್ಲೇ ಬಿದ್ದಿತ್ತರಿ, ಅದು ಗುಬ್ಬಿಯ ಜಾಲರಿರಿ, ಈಗ ಹೋಗಿ ಮುಟ್ಟಿ ನೋಡ್ರಿ, ಅಂಗೈ ಕೆಂಪಾಗ್ತೈತಿ — ಎಲ್ಲ ಸಾಲಾಗಿ ನಿಂತಿವೆ, ನಾಲಿಗೆಯ ಬುಡದಲ್ಲಿ, ಮೊದಲ ಮಾತು ಯಾವುದು, ಮೊದಲ ಮಾತು ಸಿಕ್ಕರೆ ಉಳಿದದ್ದು ಬರುತ್ತದೆ, ಅಂದಪ್ಪ ಮೀಸೆಗೆ ಕೈ ಹಾಕಿದ, ಹೇಳವಾ, ಹೇಳ, ಅವ್ವನ ಕೈ ಒತ್ತುತ್ತಿದೆ, ಸಾಹೇಬರು ಫೋಟೊ ಮೇಜಿನ ಮೇಲಿಟ್ಟು ಪೆನ್ನಿನ ಟೊಪ್ಪಿಗೆ ತೆಗೆದರು, ಕಾದರು, ನನ್ನ ಕಣ್ಣು ಅವರ ಮುಖಕ್ಕೆ ಹೋಗಲಿಲ್ಲ, ಕೆಳಗೇ, ಮೇಜಿನ ಮೇಲೆ, ಬೂದಿ ಬಣ್ಣದ ಯಂತ್ರದ ಮೇಲೆ, ಹೊಳೆಯುತ್ತಿವೆ, ಪೆನ್ನು ಕಾಗದ ಮುಟ್ಟಿತು, ಬರೆಯುತ್ತಿದ್ದಾರೆ, ಹೊಳೆಯುತ್ತಿವೆ, ನಾಲ್ಕೂ, ನಾನೇ ಬೆಳಕು ಹಿಡಿದದ್ದು, ಎಷ್ಟು ಚಂದ ಬಂದಿವೆ, ನಾಲ್ಕೂ ಬೋಲ್ಟು, ನಾಲ್ಕೂ