ಸೆಲ್ ಸತ್ತರೆ ಸೊಸೆಯ ತಪ್ಪೇ?

ಲೇತಿನ ಪರದೆಯ ಮೂಲೆಯಲ್ಲಿ ಕೆಂಪು ಅಕ್ಷರ ಮಿಣುಕೋಕೆ ಶುರುವಾದದ್ದನ್ನು ಮೊದಲು ನೋಡಿದವಳು ಚಿಕ್ಕ ಸೊಸೆ. ಬೆಳಗಿನಿಂದ ಸಂಜೆವರೆಗೆ ಆ ಮಷೀನಿನ ಮುಂದೆ ನಿಲ್ಲೋಳು ಅವಳೊಬ್ಬಳೇ, ಬೇರೆ ಯಾರು ನೋಡಬೇಕು?

ಮನೆಯ ಹಿಂದೆಯೇ ಅವರ ವರ್ಕ್‌ಶಾಪು. ತಗಡಿನ ಚಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಎರಡು ಸಿಎನ್‌ಸಿ ಮಷೀನು. ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದ ಅಳತೆಗೆ ತಾನೇ ಕಬ್ಬಿಣ ಕಡಿಯುವ ಮಷೀನು. ಒಂದು ಲೇತು, ತುಂಡನ್ನು ತಿರುಗಿಸುತ್ತಾ ದುಂಡಗೆ ಕಡಿಯೋದು, ಅದು ಚಿಕ್ಕ ಸೊಸೆಯದು. ಇನ್ನೊಂದು ತುಂಡನ್ನು ಹಿಡಿದಿಟ್ಟು ಕೆತ್ತುವ ಮಿಲ್ಲಿಂಗ್ ಮಷೀನು, ಅದು ಭಾವನದು, ಅಂದರೆ ಅವಳ ಗಂಡನ ಅಣ್ಣನದು. ಯಜಮಾನಿಕೆಯೂ ಭಾವನದೇ. ಗಂಡ ಗಾಡಿಯಲ್ಲಿ ಮಾಲು ತರೋದು, ಕೊಡೋದು ನೋಡಿಕೊಳ್ಳುತ್ತಿದ್ದ. ಇನ್ನಿಬ್ಬರು ಕೆಲಸಗಾರರಿದ್ದರು. ನಡೆಯಲಾರದವರು ಕೂರುವ ಗಾಲಿಕುರ್ಚಿಗೆ ಬೇಕಾದ ಅಚ್ಚು, ಅಚ್ಚಿನ ಸುತ್ತ ಕೂರುವ ಬುಷ್ಷು, ಬ್ರೇಕಿನ ತುಂಡು ಎಲ್ಲ ಅಲ್ಲಿ ತಯಾರಾಗುತ್ತಿತ್ತು.

ಕೆಂಪು ಅಕ್ಷರದ ಅರ್ಥ ಚಿಕ್ಕ ಸೊಸೆಗೆ ಗೊತ್ತಿತ್ತು. ಮಷೀನಿನ ಕಂಟ್ರೋಲರ್ ಅನ್ನೋ ಕಂಪ್ಯೂಟರಿನೊಳಗಿನ ನೆನಪನ್ನು ಕಾಯುವ ಬ್ಯಾಟರಿ ಮುಗಿಯುತ್ತಾ ಬಂತು ಅಂತ. ಅವತ್ತೇ ಭಾವನಿಗೆ ಹೇಳಿದಳು. ಮಷೀನು ಓಡ್ತಾ ಇದೆಯಲ್ಲ, ಮತ್ತೇನು ಅಂದ ಭಾವ. ಮರುವಾರ ಮತ್ತೆ ಹೇಳಿದಳು. ಎಲ್ಲದಕ್ಕೂ ಹೀಗೆ ಹೆದರಿದರೆ ವರ್ಕ್‌ಶಾಪು ನಡೆಸಿದ ಹಾಗೇ ಅಂದ. ಮೂರನೇ ಸಲ ಹೇಳಿದಾಗ ಭಾವ ಸೀದಾ ಬಂದು, ವೈರಿಗೆ ಸುತ್ತುವ ಕರಿ ಟೇಪಿನ ಒಂದು ತುಂಡು ಹರಿದು, ಮಿಣುಕುವ ಅಕ್ಷರದ ಮೇಲೆ ಅಂಟಿಸಿ, ಹೆಬ್ಬೆರಳಲ್ಲಿ ಒತ್ತಿ ಹೋದ. ಕೆಲಸಗಾರರು ನಕ್ಕರು. ಚಿಕ್ಕ ಸೊಸೆಗೆ ಮೈಯೆಲ್ಲ ಉರಿಯಿತು. ಆದರೂ ನುಂಗಿಕೊಂಡಳು. ನುಂಗೋದು ಅವಳಿಗೆ ಹೊಸದಲ್ಲ.

ಇನ್ನೊಂದನ್ನೂ ಅವಳು ಕೇಳಿದ್ದಳು. ಮಷೀನಿನಲ್ಲಿರುವ ಪ್ರೋಗ್ರಾಮುಗಳನ್ನೆಲ್ಲ ಒಂದು ಪೆನ್‌ಡ್ರೈವಿಗೆ ನಕಲು ಮಾಡಿ ಇಡೋಣ ಅಂತ. ಭಾವ ಅದಕ್ಕೂ ಒಪ್ಪಲಿಲ್ಲ. ನಕಲು ಅಂತ ಒಂದಾದರೆ ಯಾರಾದರೂ ಜೇಬಿಗೆ ಹಾಕಿಕೊಂಡು ಪಕ್ಕದ ವರ್ಕ್‌ಶಾಪಿಗೆ ಮಾರುತ್ತಾರೆ ಅನ್ನೋದು ಅವನ ಗುಮಾನಿ. ಆ ಪ್ರೋಗ್ರಾಮುಗಳನ್ನು ಬರೆದವಳೇ ಅವಳು. ಯಾವ ಕಬ್ಬಿಣ ಎಷ್ಟು ವೇಗಕ್ಕೆ ಕಿರುಚುತ್ತೆ, ಯಾವ ಉಳಿ ಎಲ್ಲಿ ಸವೆಯುತ್ತೆ ಅಂತ ವರ್ಷಗಟ್ಟಲೆ ನೋಡಿ, ತಿದ್ದಿ, ಮತ್ತೆ ತಿದ್ದಿ ಕೂಡಿಸಿಟ್ಟದ್ದು. ಅವಳದೇ ಬುದ್ಧಿಯನ್ನು ಅವಳೇ ಕದಿಯುತ್ತಾಳಂತೆ.

ಹೀಗಿರುವಾಗ ಬೀದಿಯ ಟ್ರಾನ್ಸ್‌ಫಾರ್ಮರ್ ಕೆಡುತ್ತಾ ಬಂತು. ಬದಲಿಸೋಕೆ ನಾಳೆಯಿಂದ ಕೆಲವು ದಿನ ಕರೆಂಟ್ ಇರಲ್ಲ ಅಂತ ಲೈನ್‌ಮನ್ ಮನೆಮನೆಗೂ ಹೇಳಿ ಹೋದ. ಎಲ್ಲರೂ ಊಟಕ್ಕೆ ಕೂತಾಗ ಚಿಕ್ಕ ಸೊಸೆ, ಕರೆಂಟ್ ಹೋಗೋ ಮೊದಲು ಬ್ಯಾಟರಿ ಹಾಕಿಸಲೇಬೇಕು, ಇಲ್ಲದಿದ್ದರೆ ಲೇತು ಎಲ್ಲಾ ಮರೆತುಬಿಡುತ್ತೆ ಅಂತ ಬಿಡಿಸಿ ಹೇಳಿದಳು. ಅತ್ತೆ ಬಡಿಸುತ್ತಿದ್ದರು. ಗಂಡ ತಟ್ಟೆ ನೋಡುತ್ತಿದ್ದ. ಕರೆಂಟ್ ಬರಲಿ, ಆಮೇಲೆ ನೋಡೋಣ ಅಂತ ಭಾವ ಕೈ ತೊಳೆಯೋಕೆ ಎದ್ದ.

ನಾಲ್ಕು ದಿನದ ಮೇಲೆ ಕರೆಂಟ್ ಬಂತು. ಚಿಕ್ಕ ಸೊಸೆ ಶಟರ್ ಎತ್ತಿ, ಮೇನ್ ಹಾಕಿ, ಲೇತು ಚಾಲೂ ಮಾಡಿದಳು. ಪರದೆ ತುಂಬಾ ಸಾಲು ಸಾಲು ತಪ್ಪುಗಳು. ಪ್ರೋಗ್ರಾಮಿನ ಪುಟ ತೆರೆದಳು. ಒಂದೂ ಇರಲಿಲ್ಲ. ಉಳಿಗಳ ಅಳತೆ ಇರಲಿಲ್ಲ. ಅಳತೆ ಶುರುವಾಗುವ ತನ್ನ ಸೊನ್ನೆ ಎಲ್ಲಿದೆ, ಎಷ್ಟು ದೂರ ಹೋಗಿ ನಿಲ್ಲಬೇಕು ಅನ್ನೋದೂ ಮಷೀನಿಗೆ ಗೊತ್ತಿರಲಿಲ್ಲ. ನಿನ್ನೆ ಮೊನ್ನೆಯವರೆಗೆ ಕೂದಲೆಳೆಯಷ್ಟು ತಪ್ಪದೆ ಕಡಿಯುತ್ತಿದ್ದ ಲೇತು ಈಗ ಬರೀ ಕಬ್ಬಿಣದ ರಾಶಿ.

ಅವಳು ಬಾಯಿ ತೆರೆಯೋ ಮೊದಲೇ ಭಾವ ಬಂದು ನಿಂತ. ಇಬ್ಬರು ಕೆಲಸಗಾರರು, ಕಬ್ಬಿಣ ಇಳಿಸೋಕೆ ಬಂದ ವ್ಯಾಪಾರಿ, ಗಂಡ, ಎಲ್ಲರೂ ಇದ್ದರು.

"ಏನು ಒತ್ತಿದೆಯಮ್ಮ ನೀನು?" ಅಂದ ಭಾವ.

ಏನೂ ಒತ್ತಿಲ್ಲ, ಬ್ಯಾಟರಿ ಹೋಗಿದೆ ಅಂದಳು. ಬ್ಯಾಟರಿ ಕಥೆ ಸಾಕು ಅಂತ ಭಾವ ವ್ಯಾಪಾರಿಯ ಕಡೆ ತಿರುಗಿದ. ಹೆಂಗಸರ ಕೈಗೆ ಮಷೀನು ಕೊಟ್ಟರೆ ಹೀಗೇ ಆಗೋದು ಅಂದ. ಕೊನೆಗೆ ಯಾರ ಕೈ ತಾಗಿತ್ತೋ ಅವರ ತಲೆಗೇ ಕಟ್ಟೋದು, ಅಲ್ಲವೇ? ಚಿಕ್ಕ ಸೊಸೆ ಗಂಡನ ಮುಖ ನೋಡಿದಳು. ಅವನಿಗೆ ಎಲ್ಲಾ ಗೊತ್ತಿತ್ತು. ಆದರೆ ಬಾಯಿಗೆ ಬೀಗ ಜಡಿದುಕೊಂಡು, ಗಾಡಿಯ ಹಗ್ಗ ಬಿಚ್ಚುತ್ತಾ ನಿಂತಿದ್ದ. ಅವಳು ಕೈಗವಸು ಕಳಚಿ ಲೇತಿನ ಮೇಲಿಟ್ಟಳು. ಇನ್ನು ಮೇಲೆ ಈ ಮಷೀನು ಮುಟ್ಟಲ್ಲ ಅಂತ ಹೇಳಿ ಮನೆಗೆ ನಡೆದಳು.

ಅವತ್ತು ಮನೆಯಲ್ಲಿ ಅವಳ ಬದಲು ಪಾತ್ರೆಗಳು ಮಾತಾಡಿದವು. ಗಂಡ ಒಳಗೆ ಬಂದು, ಅಣ್ಣನ ಸ್ವಭಾವ ನಿನಗೆ ಗೊತ್ತಲ್ಲ ಅಂತ ಸಮಾಧಾನ ಹೇಳೋಕೆ ನೋಡಿದ.

"ಅಣ್ಣನ ಸ್ವಭಾವ ಗೊತ್ತಿತ್ತು. ಇವತ್ತು ನಿಮ್ಮದೂ ಗೊತ್ತಾಯ್ತು," ಅಂದಳು. ಗಂಡ ಬಂದ ದಾರಿಯಲ್ಲೇ ಹೋದ.

ಅವಳು ಗೆಳತಿಗೆ ಫೋನ್ ಮಾಡಿದಳು. ಇಬ್ಬರೂ ಒಂದೇ ತರಬೇತಿ ಕೇಂದ್ರದಲ್ಲಿ ಕಲಿತವರು. ಗೆಳತಿ ಈಗ ಊರೂರು ತಿರುಗಿ ಇಂಥ ಮಷೀನು ರಿಪೇರಿ ಮಾಡುವವಳು. ಅವಳ ಬಾಯಿ ಜೋರು ಅಂತ ಆಗಲೇ ಎಲ್ಲರೂ ಮೆಣಸಿನಕಾಯಿ ಅಂತ ಹೆಸರಿಟ್ಟಿದ್ದರು. ಮೆಣಸಿನಕಾಯಿ ಪೂರ್ತಿ ಕೇಳಿಸಿಕೊಂಡಳು. ಇದು ಈ ತಿಂಗಳಲ್ಲಿ ಎಷ್ಟನೆಯ ಮನೆಯೋ ಎಣಿಸೋದು ಬಿಟ್ಟಿದ್ದೀನಿ ಅಂದಳು. ಇನ್ನೊಂದು ಮಷೀನು ಇದೆಯಾ, ಅದರ ಬ್ಯಾಟರಿಯೂ ಅಷ್ಟೇ ಹಳೇದಾ ಅಂತ ಕೇಳಿದಳು. ಹೌದು, ಅದು ಹೇಗೋ ಈ ಸಲ ಉಳಿದುಕೊಂಡಿದೆ ಅಂದಾಗ, ಹಾಗಾದರೆ ನಾನು ಬರೋವರೆಗೆ ಅದರ ಮೇನ್ ಆರಿಸೋಕೆ ಬಿಡಬೇಡ, ಸೆಲ್ ಮುಟ್ಟೋಕೂ ಬಿಡಬೇಡ ಅಂತ ಹೇಳಿ, ಯಾಕೆ ಅನ್ನೋದನ್ನೂ ವಿವರಿಸಿದಳು. ಕೋಪ ಎಷ್ಟೇ ಇರಲಿ, ಮೇನ್ ಆರಿಸಬೇಡಿ ಅನ್ನೋ ಮಾತನ್ನು ಚಿಕ್ಕ ಸೊಸೆ ಅತ್ತೆಯ ಬಾಯಲ್ಲಿ ಭಾವನಿಗೆ ಹೇಳಿಸಿದಳು. ತಾಯಿ ಹೇಳಿದ್ದಕ್ಕೆ ಭಾವ ಅಷ್ಟು ಮಾತ್ರ ಕೇಳಿದ.

ಮಾರನೆಯ ದಿನ ಮೆಣಸಿನಕಾಯಿ ಬಂದಳು. ಅತ್ತೆಯೂ ಹಿಂದೆಯೇ ವರ್ಕ್‌ಶಾಪಿಗೆ ಬಂದರು. ಚಿಕ್ಕ ಸೊಸೆ ಬಾಗಿಲಲ್ಲೇ ನಿಂತಳು. ಗೆಳತಿ ಲೇತಿನ ಪರದೆ ನೋಡಿ, ಮೂಲೆಯ ಟೇಪನ್ನು ಉಗುರಿನಲ್ಲಿ ಕಿತ್ತು, ಇದನ್ನು ಅಂಟಿಸಿದವರು ಯಾರು ಅಂತ ಕೇಳಿದಳು. ಕೆಲಸಗಾರರು ನೆಲ ನೋಡಿದರು.

ಇಷ್ಟು ಚಿಕ್ಕ ಸೆಲ್ಲಿಗೆ ಇಷ್ಟು ದೊಡ್ಡ ಮಷೀನು ಸಾಯುತ್ತದೆ ಅಂದರೆ ನಂಬೋರು ಯಾರು ಅಂತ ಭಾವ ಕೊನೆಗೆ ಬಾಯಿ ಬಿಟ್ಟ. ಕೆಂಪು ಅಕ್ಷರ ಬಂದ ಮೇಲೂ ಅಷ್ಟು ದಿನ ಓಡಿತಲ್ಲ, ಅದು ಹೇಗೆ ಅಂತ ಕೇಳಿದ.

"ಕರೆಂಟ್ ಇತ್ತು, ಓಡಿತು," ಅಂದಳು ಮೆಣಸಿನಕಾಯಿ. "ಕೇಳಿ ಯಜಮಾನ್ರೇ. ಮೇನ್ ಹಾಕಿರುವಾಗ ಮಷೀನಿನ ನೆನಪನ್ನು ಕರೆಂಟೇ ಕಾಯುತ್ತೆ. ಮೇನ್ ಆರಿದ ಮೇಲೆ ಕಾಯೋದು ಈ ಸೆಲ್ಲು. ಸೆಲ್ ಸಾಯ್ತಾ ಇದ್ದರೂ ಹಗಲು ಹೊತ್ತು ನಿಮಗೇನೂ ಗೊತ್ತಾಗಲ್ಲ, ರಾತ್ರಿಯೊಂದನ್ನು ಅದು ಹೇಗೋ ದೂಡುತ್ತೆ. ನಾಲ್ಕು ದಿನ ಕರೆಂಟ್ ಇಲ್ಲದಾಗ ಗೊತ್ತಾಗುತ್ತೆ. ಅದಕ್ಕೇ ಅಲ್ಲವಾ ಅದು ಮುಂಚೆನೇ ಕೂಗಿ ಹೇಳೋದು? ನೀವು ಅದರ ಬಾಯಿಗೆ ಟೇಪ್ ಹಾಕಿದ್ರಿ."

ಅತ್ತೆ ಇದನ್ನು ಬೇಗ ಹಿಡಿದರು. ಹಾಗಾದರೆ ಅದಕ್ಕೆ ಮರೆವು ಬರೋ ಮೊದಲು ಅದೇ ಹೇಳಿತ್ತು, ಅದು ಹೇಳಿದ್ದನ್ನು ಇವಳೂ ಹೇಳಿದ್ದಳು ಅಂದರು. ಆಮೇಲೆ ದೊಡ್ಡ ಮಗನ ಕಡೆ ತಿರುಗಿ, ಅವತ್ತು ನಾನೇ ಬಡಿಸ್ತಾ ಇದ್ದೆ, ನನ್ನ ಕಿವಿ ಇನ್ನೂ ಗಟ್ಟಿಯಾಗಿದೆ ಅಂದರು.

ಪ್ರೋಗ್ರಾಮಿನ ನಕಲು ಕೊಡಿ ಅಂತ ಗೆಳತಿ ಕೇಳಿದಳು. ನಕಲು ಇಲ್ಲ ಅಂತ ಗೊತ್ತಾದಾಗ ಅವಳಿಗೂ ಸಿಟ್ಟು ನೆತ್ತಿಗೇರಿತು. ಮಷೀನು ಮಾಡಿದ ಕಂಪನಿಯಿಂದ ಮೂಲ ಸೆಟ್ಟಿಂಗ್ ತರಿಸಿ ಲೇತಿಗೆ ಜೀವ ಬರಿಸುತ್ತೇನೆ, ಆದರೆ ಇವಳು ಬರೆದದ್ದನ್ನು ಯಾವ ಕಂಪನಿಯೂ ತಂದುಕೊಡಲಾರದು, ಅದು ಹೋಯಿತು ಅಂದಳು. ಹೊಸ ಬ್ಯಾಟರಿಗಳನ್ನು ಮೇಜಿನ ಮೇಲಿಟ್ಟು, ಕಂಪನಿಗೆ ಫೋನ್ ಮಾಡೋಕೆ ಹೊರಗೆ ಹೋದಳು.

ಭಾವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಎಲ್ಲರೆದುರು ಏನಾದರೂ ಮಾಡಿ ತೋರಿಸಬೇಕಿತ್ತು ಅವನಿಗೆ. ಮೇಜಿನ ಮೇಲಿನ ಹೊಸ ಬ್ಯಾಟರಿ ಎತ್ತಿಕೊಂಡು ತನ್ನ ಮಿಲ್ಲಿಂಗ್ ಮಷೀನಿನ ಹತ್ತಿರ ಹೋದ. ಇದನ್ನು ನಾನೇ ಹಾಕ್ತೀನಿ ಅಂದ. ಅಪ್ಪ ಕಲಿಸಿದ ಪಾಠ ಅವನ ಕೈಯಲ್ಲೇ ಇತ್ತು: ಮಷೀನು ಬಿಚ್ಚೋ ಮೊದಲು ಮೇನ್ ಆರಿಸು. ಕೈ ಸ್ವಿಚ್ಚಿನ ಕಡೆ ಹೋಯಿತು.

ಬಾಗಿಲಲ್ಲಿ ನಿಂತಿದ್ದ ಚಿಕ್ಕ ಸೊಸೆ ಅದನ್ನು ನೋಡಿದಳು. ಮೇನ್ ಆರಿಸಿ ಹಳೇ ಸೆಲ್ ತೆಗೆದರೆ ಆ ಮಷೀನಿನ ನೆನಪೂ ಹೋಗುತ್ತೆ ಅಂತ ಅಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ತಡೆಯೋದು ಯಾಕೆ ಅಂದುಕೊಂಡಳು. ಆರಿಸಲಿ. ಇವನದೂ ಹೋಗಲಿ. ಹೆಂಗಸರ ಕೈ ತಾಗದೆಯೂ ಮಷೀನು ಸಾಯುತ್ತೆ ಅಂತ ಊರಿಗೆಲ್ಲ ಗೊತ್ತಾಗಲಿ. ಅಷ್ಟು ಕೋಪ ಅವಳಲ್ಲಿತ್ತು, ಅದನ್ನು ಮುಚ್ಚಿಡೋದು ಯಾಕೆ? ಆದರೆ ಬ್ರೇಕಿನ ತುಂಡಿನ ಕೆಲಸ ಇದ್ದದ್ದು ಆ ಮಷೀನಿನಲ್ಲೇ. ಬ್ರೇಕಿಲ್ಲದೆ ಗಾಲಿಕುರ್ಚಿ ಯಾರ ಮನೆಗೂ ಹೋಗುವ ಹಾಗಿಲ್ಲ. ಕುರ್ಚಿಗೆ ಕಾಯುತ್ತಾ ಮಲಗಿರುವವರು ಇವಳಿಗೆ ಏನು ಮಾಡಿದ್ದರು?

"ಭಾವ, ಕೈ ತೆಗೀರಿ," ಅಂದಳು.

ಭಾವ ತಿರುಗಿದ. ಅವಳು ನಡೆದು ಬಂದು ಸ್ವಿಚ್ಚಿಗೂ ಅವನಿಗೂ ನಡುವೆ ನಿಂತಳು. ಆರಿಸಿ ಸೆಲ್ ಕಿತ್ತರೆ ಇದರ ನೆನಪನ್ನು ಕಾಯೋರು ಯಾರು ಅಂತ ಕೇಳಿದಳು. ಈ ಮಷೀನಿಗೆ ಕರೆಂಟ್ ಇರುವಾಗಲೇ ಬ್ಯಾಟರಿ ಬದಲಿಸಬೇಕು, ಅದೂ ನಕಲು ತೆಗೆದ ಮೇಲೆ ಅಂದಳು. ಹೊರಗಿಂದ ಬಂದ ಮೆಣಸಿನಕಾಯಿ ಹೌದು ಅಂತ ತಲೆಯಾಡಿಸಿದಳು. ಇವಳು ತಡೆಯದಿದ್ದರೆ ಇನ್ನೊಂದು ಹೆಣ ನೋಡಬೇಕಿತ್ತು ಅಂತ ಸೇರಿಸಿದಳು. ಭಾವನ ಕೈ ಕೆಳಗಿಳಿಯಿತು.

"ಈಗ ಹೇಳಿ," ಅಂದಳು ಚಿಕ್ಕ ಸೊಸೆ.

"ಏನು ಹೇಳಲಿ?"

"ನಿನ್ನೆ ಎಲ್ಲರೆದುರು ಹೇಳಿದ್ರಲ್ಲ. ಇದನ್ನೂ ಎಲ್ಲರೆದುರೇ ಹೇಳಿ."

ಭಾವ ತಾಯಿಯನ್ನು ನೋಡಿದ, ತಮ್ಮನನ್ನು ನೋಡಿದ. ಯಾರೂ ಅವನ ನೆರವಿಗೆ ಬರಲಿಲ್ಲ.

"ತಪ್ಪು ನನ್ನದು," ಅಂದ. "ಅವಳು ಹೇಳಿದ್ದಳು. ಟೇಪ್ ಅಂಟಿಸಿದ್ದು ನಾನು."

ಮಿಲ್ಲಿಂಗ್ ಮಷೀನಿನ ಪ್ರೋಗ್ರಾಮು, ಸೆಟ್ಟಿಂಗು, ಅಳತೆ ಎಲ್ಲವನ್ನೂ ಗೆಳತಿ ಮೊದಲು ನಕಲು ಮಾಡಿದಳು. ಬ್ಯಾಟರಿಯ ಪೆಟ್ಟಿಗೆ ಮಷೀನಿನ ಹೊರಮೈಯಲ್ಲೇ ಇತ್ತು. ಕರೆಂಟ್ ಇರುವಾಗಲೇ ಹಳೆಯದನ್ನು ತೆಗೆದು, ಹೊಸದನ್ನು ಸರಿಯಾದ ದಿಕ್ಕಿಗೆ ಕೂರಿಸಿ, ಮುಚ್ಚಳ ಹಾಕಿದಳು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಹಿಡಿಯಲಿಲ್ಲ. ಅದನ್ನು ನೋಡಿ ಚಿಕ್ಕ ಸೊಸೆಗೆ ಸಮಾಧಾನ ಆಗುವ ಬದಲು ಕೋಪ ಇನ್ನೂ ಹೆಚ್ಚಾಯಿತು. ಇಷ್ಟೇ ಇಷ್ಟಕ್ಕಾ?

ಕಂಪನಿಯ ಸೆಟ್ಟಿಂಗ್ ಬಂದ ಮೇಲೆ ಲೇತಿಗೂ ಹೊಸ ಬ್ಯಾಟರಿ ಬಿತ್ತು, ಸೊನ್ನೆ ಮತ್ತೆ ಕೂಡಿಸಿದ್ದಾಯಿತು. ಪ್ರೋಗ್ರಾಮುಗಳನ್ನು ಅವಳು ಒಂದೊಂದಾಗಿ ಮತ್ತೆ ಬರೆದಳು. ಕೆಲವು ನೆನಪಿಗೆ ಬಂದವು, ಕೆಲವು ಬರಲಿಲ್ಲ. ಎಷ್ಟೋ ಅಚ್ಚುಗಳು ಅಳತೆ ತಪ್ಪಿ ಗುಜರಿಗೆ ಹೋದವು, ಗಾಲಿಕುರ್ಚಿಗಳು ತಡವಾದವು. ಆದರೆ ಒಂದು ಬದಲಾಯಿತು. ಈಗ ಅವಳು ಬ್ಯಾಟರಿ ಅಂದರೆ ಭಾವ ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ನಕಲಿನ ಪೆನ್‌ಡ್ರೈವ್ ಎರಡಿವೆ, ಒಂದು ಭಾವನ ಹತ್ತಿರ, ಒಂದು ಅವಳ ಹತ್ತಿರ. ಗಂಡನ ಜೊತೆ ಮಾತ್ರ ಅವಳು ಸರಿಯಾಗಿ ಮಾತಾಡೋಕೆ ಇನ್ನೂ ಕೆಲವು ದಿನ ಬೇಕಾಯಿತು. ಅದಕ್ಕೆ ಬ್ಯಾಟರಿ ಸಿಗುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಯಜಮಾನರೇ, ಈಗಲೇ ಎದ್ದು ಹೋಗಿ ನಿಮ್ಮ ಮಷೀನಿನ ಪರದೆ ನೋಡಿ. ಬ್ಯಾಟರಿ ಮುಗೀತಿದೆ ಅಂತ ಅದು ಹೇಳುತ್ತಿದ್ದರೆ ನಾಳೆ ಅನ್ನಬೇಡಿ. ಹೇಳದಿದ್ದರೂ ವರ್ಷಕ್ಕೊಮ್ಮೆ ಬದಲಿಸುವ ರೂಢಿ ಇಟ್ಟುಕೊಳ್ಳಿ. ಮೊದಲು ಎಲ್ಲವನ್ನೂ ನಕಲು ಮಾಡಿ. ಹೆಚ್ಚಿನ ಮಷೀನುಗಳಿಗೆ ಕರೆಂಟ್ ಇರುವಾಗಲೇ ಹಾಕಬೇಕು. ಕೆಲವಕ್ಕೆ ಆರಿಸಿ ಸ್ವಲ್ಪ ಹೊತ್ತಿನೊಳಗೆ ಹಾಕಬೇಕು. ನಿಮ್ಮದು ಯಾವುದು ಅಂತ ಮಷೀನಿನ ಜೊತೆ ಬಂದ ಪುಸ್ತಕ ನೋಡಿ, ಇಲ್ಲವೇ ಕಂಪನಿಯವರನ್ನೇ ಕೇಳಿ. ಸಿಕ್ಕಿದ ಸೆಲ್ ಹಾಕಬೇಡಿ, ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಬ್ಯಾಟರಿ ವೈರುಗಳಿರುವ ಕ್ಯಾಬಿನೆಟ್ಟಿನ ಒಳಗಿದ್ದರೆ ನೀವು ಕೈ ಹಾಕಲೇಬೇಡಿ. ಅಲ್ಲಿನ ಕರೆಂಟ್ ಜೀವ ತೆಗೆಯುತ್ತೆ, ಕಲಿತವರನ್ನು ಕರೆಸಿ.

ಇಷ್ಟು ಮಾಡದೆ ಮಷೀನು ಮರೆತರೆ, ಅದರ ಮುಂದೆ ನಿಂತು ದುಡಿಯುವವರನ್ನು ಬೈಯೋಕೆ ಬಾಯಿ ತೆರೆಯಬೇಡಿ. ಅವರು ಹೇಳಿದಾಗ ನೀವು ಎಲ್ಲಿದ್ದಿರಿ?