ಓದಿ ಹೇಳಿದವಳು

ಮಧುಗಿರಿಯ ಪೇಟೆ ಬೀದಿಯಲ್ಲಿ ಅಡವಯ್ಯನವರು ಹೊಸ ಅಂಗಡಿ ತೆರೆದದ್ದು ಎಂಬತ್ತೆಂಟನೇ ಇಸವಿಯ ಯುಗಾದಿಗೆ. ಅಲ್ಲಿಯವರೆಗೆ ಊರಿನಲ್ಲಿ ಸಾಮಾನು ಕೊಳ್ಳುವುದೆಂದರೆ ಅಂಗಡಿಯವನು ಗಲ್ಲಾದ ಆಚೆಯಿಂದ ಪೊಟ್ಟಣ ಕಟ್ಟಿ ಕೊಡುವುದು, ನಾವು ಈಚೆ ನಿಂತು ಈಸಿಕೊಳ್ಳುವುದು. ಇಲ್ಲಿ ಹಾಗಲ್ಲ. ಬಾಗಿಲಲ್ಲಿ ಪ್ಲಾಸ್ಟಿಕ್ ಬುಟ್ಟಿ ತೆಗೆದುಕೊಂಡು ಒಳಗೆ ಹೋಗಿ, ಬೇಕಾದದ್ದನ್ನು ಕೈಯಾರೆ ಎತ್ತಿಕೊಂಡು, ಕೊನೆಗೆ ಕೌಂಟರಿನಲ್ಲಿ ಬಿಲ್ಲು ಹಾಕಿಸಬೇಕು. ಹೆಂಗಸರು ಮೊದಮೊದಲು ಕೊಳ್ಳುವುದಕ್ಕಿಂತ ನೋಡುವುದಕ್ಕೇ ಹೋದರು.

ಜಗದಾಂಬ ಮಾತ್ರ ಕೊಳ್ಳುವುದಕ್ಕೇ ಹೋಗುತ್ತಿದ್ದಳು. ಗಂಡ ಶಂಕರಲಿಂಗಪ್ಪನದು ಅದೇ ಬೀದಿಯಲ್ಲಿ ಜವಳಿ ಅಂಗಡಿ. ಅಡವಯ್ಯನವರೂ ಅವನೂ ಮಠದ ಕಮಿಟಿಯಲ್ಲಿ ಜೊತೆಗಾರರು. ಅವಳು ಒಳಗೆ ಬಂದರೆ ಅಡವಯ್ಯ ಎದ್ದು ನಿಂತು ಮಾತಾಡಿಸುತ್ತಿದ್ದರು. ಅದು ಅವಳಿಗೆ ಹಿತವಾಗಿತ್ತು.

ಆಷಾಢದಲ್ಲಿ ಒಂದು ದಿನ ಅಂಗಡಿಯ ಮೆಟ್ಟಿಲ ಹತ್ತಿರ ಭೀಮಕ್ಕ ಸಿಕ್ಕಳು. ಭೀಮಕ್ಕ ಮಿಡಿಗೇಶಿ ಕಡೆಯ ಕುರುಬರ ಹಟ್ಟಿಯವಳು. ಜಗದಾಂಬ ಮದುವೆಯಾಗಿ ಬಂದಾಗಿನಿಂದ ಆ ಮನೆಗೆ ಬೆಣ್ಣೆ ಅವಳದೇ. ಪಾವಗಡದ ಕಡೆಯಿಂದ ಬರುವ ಬಸ್ಸಿನಲ್ಲಿ ವಾರಕ್ಕೊಮ್ಮೆ ಬಂದು, ಬೆಣ್ಣೆ ತೂಗಿಸಿ, ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಹಟ್ಟಿಯ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದಳು. ಜಗದಾಂಬನ ಇಬ್ಬರು ಮಕ್ಕಳ ನೆತ್ತಿಗೂ ಬೆಣ್ಣೆ ತಟ್ಟಿದ ಕೈ ಅದು.

ಬಟ್ಟೆ ಸೋಪಿನ ಪುಡಿ ಬೇಕಾಗಿತ್ತು, ಒಬ್ಬಳೇ ಒಳಗೆ ಹೋಗಲು ಒಂಥರಾ ಆಗುತ್ತೆ ಅಂದಳು ಭೀಮಕ್ಕ. ಬಾ ಅಂತ ಜಗದಾಂಬ ಕರೆದುಕೊಂಡು ಹೋದಳು. ಯಾರೂ ಹೇಳದಿದ್ದರೂ ಭೀಮಕ್ಕ ಚಪ್ಪಲಿಯನ್ನು ಹೊರಗೇ ಬಿಟ್ಟಳು.

ಒಳಗೆ ಸೋಪಿನ ಪುಡಿಯ ಪಕ್ಕ ಸ್ಟೀಲ್ ಡಬ್ಬಿಗಳನ್ನು ಗೋಪುರದಂತೆ ಜೋಡಿಸಿದ್ದರು. ಮೇಲೆ ಕೆಂಪು ಅಕ್ಷರದ ದೊಡ್ಡ ರಟ್ಟು. ಅದರಲ್ಲಿ ಏನು ಬರೆದಿದ್ದಾರೆ ಅಂತ ಭೀಮಕ್ಕ ಕೇಳಿದಳು. ಜಗದಾಂಬ ಗಟ್ಟಿಯಾಗಿ ಓದಿದಳು: ಸೋಪಿನ ಪುಡಿ ಕೊಂಡರೆ ಸ್ಟೀಲ್ ಡಬ್ಬಿ ಉಚಿತ.

"ಅಂಗಂದ್ರೆ?"

"ಸುಮ್ಮನೆ ಕೊಡ್ತಾರೆ. ಒಂದು ಪುಡಿ ತಗೊಂಡ್ರೆ ಒಂದು ಡಬ್ಬಿ. ತಗೋ ನೀನೂ."

ಹಾಗೆ ಹೇಳಿ ತಾನೂ ಒಂದು ಪುಡಿ, ಒಂದು ಡಬ್ಬಿ ಬುಟ್ಟಿಗೆ ಹಾಕಿಕೊಂಡಳು. ರಟ್ಟಿನ ಅಡಿಯಲ್ಲಿ ಇಂಗ್ಲಿಷಿನಲ್ಲಿ ಇರುವೆ ಹರಿದಂಥ ಸಣ್ಣ ಅಕ್ಷರದ ಒಂದು ಸಾಲು ಇತ್ತು. ಎಸ್ಸೆಸ್ಸೆಲ್ಸಿ ಪಾಸಾದವಳು, ನಿಧಾನವಾಗಿ ಓದಬಲ್ಲಳು, ಓದಲಿಲ್ಲ. ಭೀಮಕ್ಕ ಹೊಳೆಯುವ ಡಬ್ಬಿಯೊಂದನ್ನು ಆರಿಸಿ, ಸೆರಗಿನಲ್ಲಿ ಒರೆಸಿ, ಪುಡಿಯನ್ನು ಬುಟ್ಟಿಯಲ್ಲಿಟ್ಟು ಡಬ್ಬಿಯನ್ನು ತನ್ನ ಚೀಲಕ್ಕೆ ಹಾಕಿದಳು. ಸುಮ್ಮನೆ ಕೊಟ್ಟದ್ದಕ್ಕೆ ಬಿಲ್ಲೇಕೆ ಅಂದುಕೊಂಡಿರಬೇಕು.

ಕೌಂಟರಿನಲ್ಲಿದ್ದ ಗುಮಾಸ್ತ ಕದರಪ್ಪ ಚೀಲ ತೆರೆಯಲು ಹೇಳಿದ. ಜಗದಾಂಬ ಇನ್ನೂ ಹಿಂದೆ ಊದಿನಕಡ್ಡಿಯ ಸಾಲಿನ ಹತ್ತಿರ ಇದ್ದಳು. ಕದರಪ್ಪ ಡಬ್ಬಿಯನ್ನು ಎತ್ತಿ ಎಲ್ಲರಿಗೂ ಕಾಣುವಂತೆ ಹಿಡಿದ. ಅಡವಯ್ಯ ಎದ್ದು ಬಂದರು. ಜನ ನಿಂತು ನೋಡಿದರು.

"ಪುಕ್ಸಟ್ಟೆ ಅಂತ ಬರ್ದವ್ರಲ್ಲ ಸ್ವಾಮಿ," ಅಂದಳು ಭೀಮಕ್ಕ.

ಕದರಪ್ಪ ರಟ್ಟನ್ನು ತಂದು ಅಡಿಯ ಇಂಗ್ಲಿಷ್ ಸಾಲನ್ನು ಓದಿ ಅರ್ಥ ಹೇಳಿದ. ದೊಡ್ಡ ಪ್ಯಾಕೆಟ್ಟು, ಅದೂ ಮೂರು ಕೊಂಡವರಿಗೆ ಮಾತ್ರ ಡಬ್ಬಿ. ನಿನಗೆ ಓದಲು ಬರುತ್ತದೆಯೇ ಅಂತ ಅಡವಯ್ಯ ಕೇಳಿದರು. ಇಲ್ಲ ಅಂದಳು. ಹಾಗಾದರೆ ಬರೆದಿದೆ ಅಂತ ಹೇಳಿದವರು ಯಾರು ಅಂತ ಕೇಳಿದರು.

ಭೀಮಕ್ಕ ತಿರುಗಿ ಜಗದಾಂಬನನ್ನು ನೋಡಿದಳು. ಹೆಸರು ಹೇಳಲಿಲ್ಲ. ಬರೀ ನೋಡಿದಳು.

ಜಗದಾಂಬ ಊದಿನಕಡ್ಡಿಯ ಕಡೆ ಮುಖ ಮಾಡಿದಳು. ಒಂದು ಪೊಟ್ಟಣ ಎತ್ತಿ ಅದರ ಮೇಲಿನ ದೇವರ ಚಿತ್ರವನ್ನು ನೋಡತೊಡಗಿದಳು. ಇನ್ನೊಂದು ಕೈ ತಾನಾಗಿಯೇ ಬುಟ್ಟಿಗೆ ಹೋಗಿ, ಅಲ್ಲಿದ್ದ ಡಬ್ಬಿಯನ್ನು ತೆಗೆದು, ಸದ್ದಾಗದಂತೆ ಪೊಟ್ಟಣಗಳ ಹಿಂದೆ ಇಟ್ಟಿತು.

ಭೀಮಕ್ಕನ ಚೀಲವನ್ನು ಕೌಂಟರಿನ ಮೇಲೆ ಸುರಿದರು. ಎಲೆ ಅಡಿಕೆಯ ಸಂಚಿ, ಬೆಣ್ಣೆ ಸುತ್ತಿದ್ದ ಬಾಳೆಲೆ, ಒಂದು ಬಾಚಣಿಗೆ. ಬೇರೇನೂ ಇರಲಿಲ್ಲ. ಇನ್ನು ಈ ಕಡೆ ಕಾಲಿಡಬೇಡ ಅಂತ ಹೇಳಿ ಕಳಿಸಿದರು. ಅವಳು ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡಳು, ಪುಡಿಯನ್ನು ಅಲ್ಲೇ ಬಿಟ್ಟು ಹೋದಳು.

ಜಗದಾಂಬನ ಸರದಿ ಬಂದಾಗ ಅಡವಯ್ಯ, ಇಂಥವರನ್ನು ಇಟ್ಟುಕೊಂಡು ಅಂಗಡಿ ನಡೆಸುವುದೇ ಕಷ್ಟ ನೋಡಿ, ಅಂದರು. ಜಗದಾಂಬ "ಹೌದು" ಅಂದಳು.

ಆ ಒಂದು ಮಾತು ಅವಳನ್ನು ಬಿಡಲಿಲ್ಲ. ಸುಮ್ಮನಿದ್ದದ್ದಕ್ಕೆ ಹೆದರಿಕೆ ಅಂತ ಒಂದು ನೆಪವಾದರೂ ಇತ್ತು. ಹೌದು ಅಂದದ್ದಕ್ಕೆ ಏನಿತ್ತು? ಮುಂದಿನ ವಾರ ಭೀಮಕ್ಕ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅತ್ತೆ ಬೆಣ್ಣೆ ಏನಾಯಿತು ಅಂತ ಕೇಳಿದಾಗ ಜಗದಾಂಬ, ಎಮ್ಮೆ ಬತ್ತಿರಬೇಕು ಅಂದಳು.

ಕೊನೆಗೆ ಗಂಡನ ಹತ್ತಿರ ಹೇಳಿಕೊಂಡಳು. ಅವನು ಕೇಳಿಸಿಕೊಂಡು, ಹೋಗಲಿ ಬಿಡು, ಬೆಣ್ಣೆ ತರುವವರು ಬೇಕಾದಷ್ಟು ಜನ ಇದ್ದಾರೆ, ಅಡವಯ್ಯನ ಜೊತೆ ನಿಷ್ಠುರ ಬೇಡ ಅಂದ. ಆದರೆ ಅವಳು ಪೇಪರಿನಲ್ಲಿ ಓದಿದ್ದಳು: ಗ್ರಾಹಕರಿಗೆ ಅಂತ ಹೊಸ ಕಾನೂನು ಬಂದಿದೆ, ಮೋಸದ ಜಾಹೀರಾತು ಹಾಕಿದವರ ಮೇಲೆ ದೂರು ಕೊಡಬಹುದು. ಅದನ್ನೇ ಹಿಡಿದುಕೊಂಡು ಒಂದು ಬೆಳಗ್ಗೆ ಬಸ್ಸು ಹತ್ತಿ ಹಟ್ಟಿಗೆ ಹೋದಳು.

ಭೀಮಕ್ಕ ಹೊಸ ಕಂಬಳಿ ಹಾಸಿ ಕೂರಿಸಿದಳು. ಸೊಸೆ ಆಚೆ ಹೋದ ಮೇಲೆ ಜಗದಾಂಬ ಕಾನೂನಿನ ವಿಷಯ ಬಿಡಿಸಿ ಹೇಳಿದಳು. ನಿನ್ನದೇನೂ ತಪ್ಪಿಲ್ಲ, ರಟ್ಟು ಬರೆಸಿದವರದೇ ತಪ್ಪು, ದೂರು ಕೊಡೋಣ ಅಂದಳು.

"ನನ್ನೆಸ್ರು ಬರೀಬೇಕಾ ಅದ್ರಾಗೆ?"

"ಬರೀಬೇಕಾಗುತ್ತೆ."

"ಬ್ಯಾಡ ಕಣಮ್ಮ. ಇಲ್ಲಿ ಯಾರ್ಗೂ ಗೊತ್ತಿಲ್ಲ. ಸೊಸೆಗೂ ಯೋಳಿಲ್ಲ. ಭೀಮಕ್ಕ ಕದ್ದಿಲ್ವಂತೆ ಅಂತ ಊರ್ಗೆಲ್ಲ ತಿಳಿಯಾಕೆ, ಮೊದ್ಲು ಕದ್ಲಂತೆ ಅಂತ ತಿಳೀಬೇಕಲ್ಲ."

ಜಗದಾಂಬ ತಾನು ಬಂದದ್ದು ದೂರಿಗಲ್ಲ, ಇನ್ನೊಂದು ಮಾತು ಹೇಳುವುದಕ್ಕೆ ಅಂತ ಬಾಯಿ ತೆರೆಯುವಷ್ಟರಲ್ಲಿ ಸೊಸೆ ಮಜ್ಜಿಗೆ ತಂದಿಟ್ಟು ಅಲ್ಲೇ ಕೂತಳು. ಮಾತು ಮಳೆಯ ಕಡೆಗೆ, ಕುರಿಯ ಕಡೆಗೆ ಹೋಯಿತು. ಮಜ್ಜಿಗೆ ಕುಡಿದು ಎದ್ದು ಬಂದಳು.

ಆವತ್ತೇ ಸಂಜೆ, ಮನೆಗೆ ಹೋಗದೆ ಬಸ್‌ಸ್ಟ್ಯಾಂಡಿನಿಂದ ನೇರ ಅಂಗಡಿಗೆ ಹೋದಳು. ಗೌರಿ ಹಬ್ಬ ಹತ್ತಿರ ಬಂದು ಅಂಗಡಿ ತುಂಬಿತ್ತು. ರಟ್ಟು ಅಲ್ಲೇ ಇತ್ತು. ಅಡವಯ್ಯ ಎಂದಿನಂತೆ ಎದ್ದು ನಿಂತರು.

"ಆವತ್ತು ಆ ಹೆಂಗಸಿಗೆ ಓದಿ ಹೇಳ್ದೋಳು ನಾನು," ಅಂದಳು. "ನನ್ನ ಬುಟ್ಟೀಲೂ ಒಂದು ಡಬ್ಬಿ ಇತ್ತು. ನಾನೂ ಒಂದೇ ಪುಡಿ ತಗೊಂಡಿದ್ದು. ನೀವು ಅವಳನ್ನ ಹಿಡಿದಾಗ ಕದ್ದು ವಾಪಸ್ ಇಟ್ಟೆ."

ಅಡವಯ್ಯ ನಕ್ಕರು. ನಿಮ್ಮನ್ನು ಯಾರು ಏನಂದಾರು, ಬಾಯಿ ಬಿಟ್ಟು ಕೇಳಿದ್ದರೆ ನಾನೇ ಕೊಡುತ್ತಿದ್ದೆನಲ್ಲ ಅನ್ನುತ್ತ, ಗೋಪುರದಿಂದ ಒಂದು ಡಬ್ಬಿ ತೆಗೆದು ಅವಳ ಕಡೆ ಚಾಚಿದರು.

ಮುಖಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಅವಳು ಕೈ ಚಾಚಲಿಲ್ಲ. ಷರತ್ತನ್ನು ಕನ್ನಡದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಿ; ಇಲ್ಲವಾದರೆ ನನ್ನ ಹೆಸರಿನಲ್ಲೇ ತುಮಕೂರಿಗೆ ದೂರು ಬರೆಯುತ್ತೇನೆ ಅಂದಳು. ಅಡವಯ್ಯನವರ ನಗು ನಿಂತಿತು.

ರಟ್ಟು ಹಬ್ಬಕ್ಕೆ ಮೊದಲೇ ಇಳಿಯಿತು. ಆದರೆ ಪೇಟೆಯಲ್ಲಿ ಸುದ್ದಿ ಬೇರೆಯಾಗಿಯೇ ಹರಡಿತು: ಜವಳಿ ಅಂಗಡಿಯವರ ಹೆಂಡತಿ ಡಬ್ಬಿ ಎತ್ತಿ ಸಿಕ್ಕಿಬಿದ್ದಳಂತೆ. ಶಂಕರಲಿಂಗಪ್ಪ ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ. ಜಗದಾಂಬ ಯಾರಿಗೂ ತಿದ್ದಿ ಹೇಳಲು ಹೋಗಲಿಲ್ಲ.

ದೀಪಾವಳಿ ಕಳೆದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಪಾವಗಡದ ಬಸ್ಸಿನ ಕಿಟಕಿಯಲ್ಲಿ ಭೀಮಕ್ಕ ಕಂಡಳು. ಈಗ ಬೆಣ್ಣೆಯನ್ನು ಪಾವಗಡಕ್ಕೇ ಹಾಕುತ್ತಾಳಂತೆ. ಇಲ್ಲಿ ಆಸ್ಪತ್ರೆಗೆ ಬಂದಿದ್ದಳಂತೆ. ಮಕ್ಕಳು ಹೇಗಿದ್ದಾರೆ ಅಂತ ಕೇಳಿದಳು. ಜಗದಾಂಬ ಕಿಟಕಿಯ ಸರಳು ಹಿಡಿದುಕೊಂಡು, ರಟ್ಟು ತೆಗೆಸಿದ್ದನ್ನು ಹೇಳಿದಳು. ನಾನೇ ಓದಿ ಹೇಳಿದ್ದು ಅಂತ ಅಷ್ಟೂ ಜನರ ಮುಂದೆ ಒಪ್ಪಿಕೊಂಡೆ, ನಿನ್ನ ಹೆಸರು ಎತ್ತಲಿಲ್ಲ ಅಂದಳು.

ಭೀಮಕ್ಕನ ಮುಖದಲ್ಲಿ ಸಿಟ್ಟಿರಲಿಲ್ಲ.

"ಈಗ ಅಷ್ಟು ಜನದ ಮುಂದೆ ಯಾಕ್ ಬೇಕಿತ್ತಮ್ಮ," ಅಂದಳು. "ಅವತ್ತು ಒಂದೇ ಒಂದ್ ಮಾತು ಅಂದಿದ್ರೆ ಆಗೋಗ್ತಿತ್ತು."

ಕಂಡಕ್ಟರ್ ಸೀಟಿ ಊದಿದ. ಜಗದಾಂಬ ಸರಳಿನಿಂದ ಕೈ ತೆಗೆದಳು.