ಎಡೆಗೆ ಇಟ್ಟ ಚಾ

ಕಿಟ್ಟ ಅಂಗಿಯೊಳಗಿಂದ ಕ್ವಾರ್ಟರ್ ಬಾಟಲಿ ತೆಗೆದು ಅಣ್ಣನ ಎಡೆಯ ಪಕ್ಕದಲ್ಲಿ ಇಟ್ಟಾಗ, ಬಂಗುಡೆ ಸಾರು ಬಡಿಸುತ್ತಿದ್ದ ವನಜನ ಕೈ ಹಾಗೇ ನಿಂತಿತು. ಅವಳ ಗಂಡ ರಾಜೀವನ ಬೊಜ್ಜ, ಅಂದರೆ ಉತ್ತರಕ್ರಿಯೆ, ಮುಗಿದ ಸಂಜೆ. ತೀರಿಕೊಂಡವನಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಾಳೆಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಜಗಲಿಯಲ್ಲಿ ಕಾದು ಕೂರುವುದು ಅವರಲ್ಲಿ ನಡೆದು ಬಂದ ಕ್ರಮ. ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ, ಬೀಡಿ ಕಟ್ಟು ಎಲ್ಲ ಆಗಿತ್ತು. ಬಾಟಲಿಯೊಂದು ಬಾಕಿ ಎಂದು ಕಿಟ್ಟನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ಅಣ್ಣನೆಂದರೆ ಅವನಿಗೆ ಜೀವ.

ವನಜ ಬಾಟಲಿಯನ್ನು ಎತ್ತಿ ಆಚೆ ಇಟ್ಟಳು. ಗೋಡೆಗೆ ಒರಗಿ ಕೂತಿದ್ದ ಅತ್ತೆ ಅಮ್ಮಣ್ಣಿ ಅದನ್ನು ಕಂಡಳು.

"ಅವ್ನಿಗೆ ಬೇಕಾದ್ದ್ ಇಡ್ದಿದ್ರ್ ಅವ ಹಸ್ಕಂಡೇ ಹೋಪುದಿಲ್ಯಾ ಹೆಣೆ? ಸತ್ತವ್ರ್ ಹತ್ರ ಎಂತ ಹಟ?"

ಹಟವಂತೆ! ರಾಜೀವ ಕುಡಿದದ್ದನ್ನು ಇಡೀ ಕೋಡಿ ಊರೇ ಕಂಡಿತ್ತು. ಬಿಡಲಿಕ್ಕೆ ಪಟ್ಟ ಪಾಡನ್ನು ಕಂಡವಳು ಹೆಂಡತಿ ಒಬ್ಬಳೇ. ಕಳೆದ ವರ್ಷ ಶಂಕರನಾರಾಯಣ ಪೇಟೆಯ ಸಭಾಭವನದಲ್ಲಿ ಮದ್ಯವರ್ಜನ ಶಿಬಿರ ನಡೆದಾಗ ಅವನಾಗಿಯೇ ಹೋಗಿ ಸೇರಿದ್ದ. ಮೊದಮೊದಲು ಕೈ ನಡುಗಿ ಗಂಜಿಯ ಚಮಚವನ್ನೂ ಹಿಡಿಯಲಿಕ್ಕಾಗುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟು ಪಕ್ಕದಲ್ಲೇ ಕೂತಿದ್ದರಂತೆ. ಕೊನೆಯ ದಿನ ಶಿಬಿರದ ಸ್ನೇಹಲತಾ ಮೇಡಂ ಮನೆಯವರನ್ನು ಕರೆಸಿ, ಹೊತ್ತು ಕಂತುವಾಗ ಆಸೆ ಜೋರಾಗುತ್ತದೆ, ಆಗ ಹೊಟ್ಟೆ ಖಾಲಿ ಬಿಡಬೇಡಿ, ಸಿಹಿ ಏನಾದರೂ ಕೊಡಿ, ಒಮ್ಮೆ ಜಾರಿದರೂ ಎಲ್ಲ ಮುಗಿಯಿತೆಂದು ಕೂರದೆ ಇಲ್ಲಿಗೆ ಕರೆದುಕೊಂಡು ಬನ್ನಿ ಎಂದಿದ್ದರು. ಅಂದಿನಿಂದ ಸಂಜೆಯಾದರೆ ವನಜ ಸಕ್ಕರೆ ಜಾಸ್ತಿ ಹಾಕಿದ ಚಾ ಕಾಯಿಸಿ ಇಡುತ್ತಿದ್ದಳು. ಬಸ್ರೂರಿನ ಮದುವೆಯೊಂದರಲ್ಲಿ ಅವನು ಜಾರಿದ್ದೂ ಉಂಟು. ನಾಯಿ ಬಾಲ ಡೊಂಕೇ ಎಂದು ನೆರೆಕರೆಯವರು ನಕ್ಕರು. ಮರುದಿನ ತಾನೇ ಮೇಡಂ ಹತ್ತಿರ ಹೋಗಿ ಅತ್ತು, ಮಾತ್ರೆ ತಂದ. ಆಮೇಲೆ ಮುಟ್ಟಲಿಲ್ಲ.

ಚಟ ವನಜನಿಗೂ ಒಂದಿತ್ತು. ಅವನು ಬಂದೊಡನೆ ಕೈಯ ಚೀಲ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಹೋಗಿ ಬಾಯಿ ಮೂಸುವುದು. ಎಷ್ಟೋ ವರ್ಷದ ರೂಢಿ, ಸುಮ್ಮನೆ ಹೋಗುತ್ತದೆಯೇ? ಒಂದು ಸಂಜೆ ಅವನು ಚಾದ ಲೋಟ ಕೆಳಗಿಟ್ಟ.

"ನಾನ್ ಕುಡೂದ್ ಬಿಟ್ಟಿದೆ. ನೀನ್ ಮೂಸುದ್ ಬಿಡ್ ಮಾರಾಯ್ತಿ."

ನಗುತ್ತಲೇ ಹೇಳಿದ್ದ, ಆದರೆ ಕಣ್ಣು ತುಂಬಿತ್ತು. ಇವಳಿಗೆ ನಾಚಿಕೆಯಾಗಿ, ಅವನ ತಲೆ ಮುಟ್ಟಿ ಆಣೆ ಹಾಕಿದಳು. ಆಣೆ ಹಾಕುವುದೇನೋ ಸುಲಭ, ಮೂಗು ಕೇಳಬೇಕಲ್ಲ! ಅವನು ಬರುವ ಹೊತ್ತಿಗೆ ಅವಳು ಹಿತ್ತಿಲಿಗೆ ಹೋಗಿ ನಿಲ್ಲುತ್ತಿದ್ದಳು.

ಮೀನಿನ ಬೋಟಿನಲ್ಲಿ ದುಡಿಯುತ್ತಿದ್ದ ರಾಜೀವ, ಮಳೆಗೆ ಒದ್ದೆಯಾಗಿದ್ದ ಬೋಟಿನಿಂದ ಇನ್ನೊಂದು ಬೋಟಿಗೆ ದಾಟುವಾಗ ಕಾಲು ಜಾರಿ, ತಲೆ ಬಡಿದು, ಬಂದರಿನ ನೀರಿಗೆ ಬಿದ್ದ. ಊರ ಬಾಯಿಗೆ ಮುಚ್ಚಳ ಉಂಟೇ? ಕುಡಿದೇ ಬಿದ್ದ ಎಂದರು. ಹುಟ್ಟು ಗುಣ ಸುಟ್ಟರೂ ಹೋಗದು ಎಂದು ಅವನನ್ನು ಸುಟ್ಟು ಬಂದವರೇ ಜಗಲಿಯಲ್ಲಿ ಕೂತು ಹೇಳಿದರು. ಕಿಟ್ಟನೂ ನಂಬಿದ, ಅಮ್ಮಣ್ಣಿಯೂ ನಂಬಿದಳು. ನಂಬಿಕೊಂಡೇ ಮಗನನ್ನು ಕ್ಷಮಿಸಿದ್ದಳು, ಪಾಪ.

ಈಗ ಅತ್ತೆಯ ಮಾತಿಗೆ ವನಜ ಸೌಟು ಕೆಳಗಿಟ್ಟು ಅವಳ ಎದುರಿಗೆ ಕೂತಳು.

"ಅವ್ರನ್ನ್ ತಂದ್ ಮಲ್ಗ್ಸದಾಗ ನಾನ್ ಬಗ್ಗಿ ಬಾಯಿ ಮೂಸಿದೆ, ಅತ್ತೆ. ಉಪ್ಪ್ ನೀರಿನ್ ವಾಸ್ನಿ ಬಿಟ್ರ್ ಎಂತದೂ ಇರ್ಲಿಲ್ಲ. ಮೂಸುದಿಲ್ಲ ಅಂದೇಳಿ ಆಣೆ ಹಾಕಿದ್ದೆ. ಆದ್ರೂ ಮೂಸಿದೆ."

ಅಂದು ಅವಳು ಗಂಡನ ಮುಖದ ಮೇಲೆ ಬಗ್ಗಿದ್ದನ್ನು ಎಲ್ಲರೂ ಕಂಡಿದ್ದರು. ದುಃಖ ತಡೆಯದೆ ಮುದ್ದಿಡುತ್ತಿದ್ದಾಳೆ ಎಂದು ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ಅತ್ತಿದ್ದರು. ಮುದ್ದಲ್ಲ ಅದು. ಹೆಣ ಮನೆಗೆ ಬಂದಾಗ ಅವಳು ಮೊದಲು ಮಾಡಿದ್ದು ಅಳುವುದನ್ನಲ್ಲ. ಅವನು ಗೆದ್ದೇ ಸತ್ತಿದ್ದ, ಅವನನ್ನು ನಂಬದೆ ಹೋದವಳು ತಾನು ಎಂಬುದನ್ನು ಅಂದಿನಿಂದ ಅವಳು ಯಾರಿಗೂ ಹೇಳಿರಲಿಲ್ಲ.

ಕಿಟ್ಟ ಬಾಟಲಿ ತೆಗೆದುಕೊಂಡು ತಲೆ ತಗ್ಗಿಸಿ ಹೊರಗೆ ನಡೆದ. ವನಜ ಒಳಗೆ ಹೋಗಿ ಚಾ ಕಾಯಿಸಿ, ಸಕ್ಕರೆ ಜಾಸ್ತಿ ಹಾಕಿ, ರಾಜೀವನ ಲೋಟದಲ್ಲಿ ತಂದು ಎಡೆಯ ಪಕ್ಕದಲ್ಲಿ ಇಟ್ಟಳು. ಬಾಗಿಲು ಮುಚ್ಚಿದರು. ತೀರಿಕೊಂಡವರನ್ನು ಊಟಕ್ಕೆ ಕರೆಯಬೇಕಾದದ್ದು ಮನೆಯ ಹಿರಿಯರು. ಅಮ್ಮಣ್ಣಿ ಬಾಗಿಲ ಮೇಲೆ ಅಂಗೈ ಊರಿ ನಿಂತಳು.

"ರಾಜೀವಾ, ಉಂಬುಕೆ ಬಾ ಮಗಾ," ಎಂದಳು. "ಹೆಂಡ್ತಿ ಚಾ ಮಾಡಿ ಇಟ್ಟಿದ್ಳ್. ನಿಂಗೆ ಅದೇ ಸೈ."

ಆಮೇಲೆ ಬಾಗಿಲು ತೆರೆದಾಗ ದೀಪ ಸಣ್ಣಗಾಗಿತ್ತು, ಚಾದ ಮೇಲೆ ಕೆನೆ ಕಟ್ಟಿತ್ತು. ಎಡೆಯದ್ದನ್ನು ಮನೆಯವರು ಹಂಚಿಕೊಳ್ಳಬೇಕು. ಅಮ್ಮಣ್ಣಿ ಲೋಟವನ್ನು ಸೊಸೆಯ ಕೈಗೆ ಕೊಟ್ಟಳು. ವನಜ ಅದನ್ನು ಎತ್ತಿದಳು. ಹಳೇ ರೂಢಿ, ಕೈ ಲೋಟವನ್ನು ಮೂಗಿನ ಹತ್ತಿರ ಒಯ್ದಿತು. ಅಲ್ಲೇ ತಡೆದಳು. ಉಸಿರು ಬಿಗಿಹಿಡಿದು, ತಣ್ಣಗಾದ ಚಾವನ್ನು ಅಷ್ಟೂ ಕುಡಿದಳು.